ಸಂಪಾದಕರ ಉತ್ತರ: ಸಹಿಗೆ ಮೊದಲು ಕಾಗದ ಕೈಗೆ ಬರಲಿ

ಕಾಸರಗೋಡಿನ ಪೆರ್ಲ ಕಡೆಯ ಅಕ್ಕ ಒಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು: "ಮಗನಿಗೆ ದುಬೈಯಲ್ಲಿ ಎಲೆಕ್ಟ್ರಿಷಿಯನ್ ಹೆಲ್ಪರ್ ಕೆಲಸ ಸಿಕ್ಕಿದೆ. ಅವನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೆಲಸ ಮಾಡಿಸಿಕೊಡುವವರು 95,000 ರೂಪಾಯಿ ಕೇಳುತ್ತಿದ್ದಾರೆ. ಅದರಲ್ಲಿ 22,000 ತಸ್‌ಹೀಲ್ ಚಾರ್ಜು, ಅಲ್ಲಿನ ಸರಕಾರಕ್ಕೆ ಕಟ್ಟುವುದು ಅನ್ನುತ್ತಾರೆ. ಈಗ ವಿಸಿಟ್ ವೀಸಾದಲ್ಲಿ ಹೋಗಲಿ, ಆಮೇಲೆ ಬದಲಿಸಬಹುದಂತೆ. ಲೈಸೆನ್ಸ್ ಇರುವ ಸೆಂಟರಿನಲ್ಲೇ ಕಾಗದ ಆಗುವುದಾದರೆ ಹೆದರಬೇಕಾಗಿಲ್ಲ ಅಲ್ವಾ?"

ಅಕ್ಕಾ, ನಿಮ್ಮ ಪ್ರಶ್ನೆ ಸರಿಯಾದ ಹೊತ್ತಿಗೆ ಬಂದಿದೆ. ದುಡ್ಡು ಇನ್ನೂ ಕೊಟ್ಟಿಲ್ಲ ಅಂದುಕೊಳ್ಳುತ್ತೇನೆ. ಕೊಡಬೇಡಿ. ಮೊದಲು ಇದನ್ನು ಓದಿ.

ತಸ್‌ಹೀಲ್ ಅಂದರೆ ಅರೇಬಿಕ್‌ನಲ್ಲಿ ಸುಲಭ ಮಾಡಿಕೊಡುವುದು ಎಂದರ್ಥ. ಯುಎಇಯ ಕಾರ್ಮಿಕ ಸಚಿವಾಲಯದ ಕೆಲಸವನ್ನು ಲೈಸೆನ್ಸ್ ಪಡೆದು ಮಾಡುವ ಸೆಂಟರುಗಳಿವು. ಕೆಲಸದ ಪರ್ಮಿಟ್, ಆಫರ್ ಲೆಟರ್, ಕರಾರು ಎಲ್ಲ ಇಲ್ಲಿ ಟೈಪ್ ಆಗಿ ಸಚಿವಾಲಯಕ್ಕೆ ಹೋಗುತ್ತವೆ. ದುಬೈಯಲ್ಲಿ ವಾಸದ ವೀಸಾಕ್ಕೆ ಆಮರ್ ಸೆಂಟರ್ ಬೇರೆ ಇದೆ. ಮನೆಗೆಲಸದವರಿಗೆ ತದ್‌ಬೀರ್ ಇದೆ. ಇವು ಬಂದ ಮೇಲೆ ಜನರಿಗೆ ಅನುಕೂಲ ಆಗಿದೆ. ಕೊಟ್ಟ ದುಡ್ಡಿಗೆ ರಸೀದಿ ಸಿಗುತ್ತದೆ, ಅರ್ಜಿಗೆ ನಂಬರ್ ಸಿಗುತ್ತದೆ.

ಆದರೆ ಆ ಕೌಂಟರಿನ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾದವರು ಕಂಪನಿಯವರು, ನಿಮ್ಮ ಮಗ ಅಲ್ಲ. ಪರ್ಮಿಟ್ ಕೇಳುವುದು ಕಂಪನಿ, ದುಡ್ಡು ಕಟ್ಟಬೇಕಾದದ್ದೂ ಕಂಪನಿ. 2022ರ ಫೆಬ್ರವರಿಯಿಂದ ಅಲ್ಲಿ ಜಾರಿಯಲ್ಲಿರುವ ಕಾರ್ಮಿಕ ಕಾನೂನು ಇದನ್ನು ಬಿಡಿಸಿ ಹೇಳಿದೆ: ಆಳನ್ನು ಕರೆಸಿಕೊಳ್ಳುವ ಖರ್ಚನ್ನು ನೇರವಾಗಿಯಾಗಲಿ, ಬೇರೆ ದಾರಿಯಿಂದಾಗಲಿ ಆ ಆಳಿನಿಂದ ವಸೂಲಿ ಮಾಡುವಂತಿಲ್ಲ. ಹಾಗಾದರೆ ಪೆರ್ಲದಲ್ಲಿ ಕೂತ ನಿಮ್ಮಿಂದ 22,000 ತಸ್‌ಹೀಲ್ ಚಾರ್ಜು ಕೇಳುವುದು ಯಾವ ಲೆಕ್ಕದಲ್ಲಿ? ಆ ಹೆಸರಿನ ರಸೀದಿ ಕೊಡಿ ಅಂತ ಅವರನ್ನೇ ಕೇಳಿ ನೋಡಿ.

ಇನ್ನು ಹೆದರಬೇಕೋ ಬೇಡವೋ ಅನ್ನುವ ಮಾತು. ಸೆಂಟರ್ ಅಸಲಿಯೇ ಆಗಿದ್ದರೂ ಒಂದು ವಿಷಯ ಮನಸ್ಸಿನಲ್ಲಿರಲಿ. ಅವರು ಕಂಪನಿ ಕೊಟ್ಟ ವಿವರವನ್ನು ಕ್ರಮವಾಗಿ ಸಲ್ಲಿಸುತ್ತಾರೆ. ಸಂಬಳ ಸಾಲುತ್ತದೋ ಇಲ್ಲವೋ, ಏಜೆಂಟ್ ಬಾಯಲ್ಲಿ ಹೇಳಿದ್ದೂ ಕಾಗದದಲ್ಲಿ ಇರುವುದೂ ಒಂದೇನೋ ಅಂತ ಅವರು ನೋಡುವುದಿಲ್ಲ. ಅದನ್ನು ನೋಡಬೇಕಾದವನು ನಿಮ್ಮ ಮಗ, ಸಹಿ ಹಾಕುವ ಮೊದಲು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ತೊಂಬತ್ತರ ದಶಕದಲ್ಲಿ ನನ್ನ ತಮ್ಮ ಗಲ್ಫಿಗೆ ಹೋದ. ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸ ಅಂತ ಹೇಳಿದ್ದರು. ಬೊಂಬಾಯಿಯ ಒಂದು ಆಫೀಸಿನಲ್ಲಿ ಮೂರು ಹಾಳೆ ಮುಂದಿಟ್ಟರು, ಪೂರ್ತಿ ಅರೇಬಿಕ್. ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುಣಾಕಾರದ ಗುರುತು. ಹೊರಗೆ ಸಾಲಿನಲ್ಲಿ ಇನ್ನೂ ಮೂವತ್ತು ಜನ. ಇವನು ಮೂರು ಕಡೆ ಸಹಿ ಹಾಕಿದ. ಅಲ್ಲಿಗೆ ಹೋದ ಮೇಲೆ ಗೊತ್ತಾದದ್ದು, ಕೆಲಸ ಕಟ್ಟಡ ಕ್ಲೀನಿಂಗ್, ಸಂಬಳ ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆ ಹಾಳೆಯ ಕಾರ್ಬನ್ ಪ್ರತಿ ಈಗಲೂ ಅಮ್ಮನ ಟ್ರಂಕಿನಲ್ಲಿದೆ. ಸಹಿಯ ಪಕ್ಕದಲ್ಲಿ ಆ ಗುಣಾಕಾರ ಇನ್ನೂ ಕಾಣುತ್ತದೆ.

ಈಗ ಕಾಲ ಬದಲಾಗಿದೆ. 2016ರಿಂದ ಯುಎಇಯಲ್ಲಿ ಆಫರ್ ಲೆಟರ್ ಅರೇಬಿಕ್, ಇಂಗ್ಲಿಷ್ ಅಲ್ಲದೆ ಕೆಲಸಗಾರನಿಗೆ ಅರ್ಥವಾಗುವ ಮೂರನೆಯ ಭಾಷೆಯಲ್ಲೂ ಇರಬೇಕು. ಅದಕ್ಕೆ ಅವನು ಊರಿನಲ್ಲಿರುವಾಗಲೇ ಒಪ್ಪಿಗೆ ಕೊಡಬೇಕು. ಮುಂದಿನ ಕರಾರು ಅದಕ್ಕೆ ಹೊಂದಬೇಕು, ಮಧ್ಯದಲ್ಲಿ ಕಡಿಮೆ ಮಾಡುವ ಹಾಗಿಲ್ಲ. ಮೂರನೆಯ ಭಾಷೆಗಳ ಪಟ್ಟಿ ಮಾಡಿದಾಗ ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿ, ನೇಪಾಳಿ, ಸಿಂಹಳ, ಚೀನೀ, ದರಿ ಸೇರಿದವು. ಕನ್ನಡ ಸೇರಲಿಲ್ಲ. ನನಗೆ ಇದು ನಿಜವಾಗಿ ನೋವಿನ ಸಂಗತಿ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕನ್ನಡ ಶಾಲೆಯಲ್ಲಿ ಓದಿದ ಎಷ್ಟೋ ಹುಡುಗರಿಗೆ ಮಲಯಾಳಂ ಮಾತು ಸರಾಗ, ಅಕ್ಷರ ಮಾತ್ರ ಬರುವುದಿಲ್ಲ. ಆದರೂ ಮಲಯಾಳಂ ಪ್ರತಿಯನ್ನೇ ಕೇಳಿ ಪಡೆಯಿರಿ. ಅದನ್ನು ಓದಿ ಹೇಳುವವರು ನಮ್ಮಲ್ಲಿ ಪ್ರತಿ ಪೇಟೆಯಲ್ಲೂ ಇದ್ದಾರೆ. ಅರೇಬಿಕ್ ಓದಿ ಅರ್ಥ ಹೇಳುವವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಕಾಗದ ಕೈಗೆ ಬಂದಾಗ ಸಂಬಳದ ಸಾಲಿನಲ್ಲಿ ನಿಲ್ಲಿ. ಅಲ್ಲಿ ಒಟ್ಟು ಸಂಬಳ ಬೇರೆ, ಬೇಸಿಕ್ ಬೇರೆ. ಒಟ್ಟು 1,800 ದಿರ್ಹಂ ಅಂತ ಏಜೆಂಟ್ ಹೇಳಿರುತ್ತಾನೆ, ಅದು ಸುಳ್ಳೂ ಆಗಿರುವುದಿಲ್ಲ. ಆದರೆ ಬೇಸಿಕ್ 800 ಇಟ್ಟು ಉಳಿದದ್ದನ್ನು ಅಲೋವೆನ್ಸ್ ಅಂತ ತೋರಿಸಿದರೆ ನಷ್ಟ ನಿಮ್ಮ ಮಗನಿಗೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಲೆಕ್ಕ ಆಗುತ್ತದೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್. ಬೇಸಿಕ್ 800 ಆದರೆ ಐದು ವರ್ಷಕ್ಕೆ 2,800 ದಿರ್ಹಂ. 1,400 ಆದರೆ 4,900. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ. ಒಂದು ಸಾಲು ಓದದೆ ಇದ್ದರೆ ಇಷ್ಟು ಹೋಗುತ್ತದೆ.

ಆಮೇಲೆ ಕೆಲಸದ ಹೆಸರು ನೋಡಿ, ಎಲೆಕ್ಟ್ರಿಷಿಯನ್ ಹೆಲ್ಪರ್ ಅಂತಲೇ ಇದೆಯಾ ಅಥವಾ ಬರೀ ಲೇಬರ್ ಅಂತ ಇದೆಯಾ. ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ಆಫರ್ ಲೆಟರಿನಲ್ಲಿರುವ ನಂಬರ್ ಹಾಕಿ ಅದು ಅಸಲಿಯೋ ಅಲ್ಲವೋ ಅಂತ ಅಲ್ಲಿನ ಕಾರ್ಮಿಕ ಸಚಿವಾಲಯದ ವೆಬ್‌ಸೈಟಿನಲ್ಲೇ ನೋಡಬಹುದು. ಮಗ ಮೊಬೈಲಿನಲ್ಲಿ ಐದು ನಿಮಿಷದಲ್ಲಿ ನೋಡುತ್ತಾನೆ.

ವಿಸಿಟ್ ವೀಸಾದ ಮಾತಿಗೆ ನನ್ನ ಉತ್ತರ ಬೇಡ ಅಂತಲೇ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನಿಗೆ ವಿರುದ್ಧ. ನಿಮ್ಮ ಮಗನ ವಿಷಯದಲ್ಲಿ ಇನ್ನೂ ಒಂದು ಕಾರಣ ಇದೆ. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್) ಆಗಿರುತ್ತದೆ. ಅಂಥವರು ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ನಮ್ಮ ಸರಕಾರದ ಅನುಮತಿ, ಬೇಕು. ಅದಕ್ಕೆ ಭಾರತ ಸರಕಾರದ ವೆಬ್‌ಸೈಟ್ ಇ-ಮೈಗ್ರೇಟ್‌ನಲ್ಲಿ ಅರ್ಜಿ ಹಾಕಬೇಕು. ಈ ದಾರಿಯಲ್ಲಿ ಹೋದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಸಿಗುತ್ತದೆ, ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ. ವಿಸಿಟ್ ವೀಸಾದಲ್ಲಿ ಕಳಿಸುವವರು ನಿಮ್ಮ ಮಗನಿಂದ ಇದೆಲ್ಲವನ್ನೂ ತಪ್ಪಿಸುತ್ತಾರೆ. ಅವನು ಕೆಲಸಕ್ಕೆ ಹೋಗಿದ್ದಾನೆ ಅಂತ ಎಲ್ಲೂ ದಾಖಲೆಯೇ ಇರುವುದಿಲ್ಲ.

ಏಜೆಂಟರ ಮಾತು. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ವಿದೇಶಕ್ಕೆ ಆಳು ಕಳಿಸುವವರಿಗೆ ನೋಂದಣಿ ಬೇಕು. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ನೋಂದಣಿ ಇದ್ದವರೂ ಸರ್ವಿಸ್ ಚಾರ್ಜ್ ಅಂತ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ ಪಡೆಯಬಹುದು, ರಸೀದಿ ಕೊಟ್ಟು. ಒಟ್ಟು 35,400. ನಿಮ್ಮಿಂದ ಕೇಳಿದ್ದು 95,000. "ನಾನು ದೊಡ್ಡ ಏಜೆನ್ಸಿಯ ಸಬ್ ಏಜೆಂಟ್" ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ನಮ್ಮ ಕಡೆ ಈ ಜನ ನೆಂಟರ ಹಾಗೆ ಮನೆಗೆ ಬರುತ್ತಾರೆ, ಕಾಫಿ ಕುಡಿಯುತ್ತಾರೆ, "ನಮ್ಮೂರ ಹುಡುಗ, ನಾನು ನೋಡಿಕೊಳ್ಳುತ್ತೇನೆ" ಅನ್ನುತ್ತಾರೆ. ಆಗ ರಸೀದಿ ಕೇಳಲು ನಮಗೇ ನಾಚಿಕೆ. ನಾಚಿಕೆ ಬೇಡ ಅಕ್ಕಾ, ಕೇಳಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ.

ನೀವು ಈಗ ಮಾಡಬೇಕಾದದ್ದು: ಹೊರದೇಶದಲ್ಲಿರುವ ಮಲಯಾಳಿಗಳಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ ನೊರ್ಕಾ ರೂಟ್ಸ್‌ನ 1800 425 3939ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ. ಕಂಪನಿ ಹೆಸರು, ಏಜೆಂಟ್ ಹೆಸರು ಹೇಳಿ, ಇ-ಮೈಗ್ರೇಟ್ ಕೆಲಸ ಹೇಗೆ ಅಂತ ಕೇಳಿ. ಅರ್ಜಿ ತುಂಬಲು ಅಕ್ಷಯ ಕೇಂದ್ರಕ್ಕೆ (ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ತುಂಬಿಕೊಡುವ ಕೇರಳದ ಸೆಂಟರು) ಹೋಗುವುದಾದರೆ ಕಟ್ಟಿದ್ದಕ್ಕೆ ರಸೀದಿ, ಅರ್ಜಿ ನಂಬರ್ ಎರಡನ್ನೂ ಪಡೆಯಿರಿ. ಇಮೇಲ್ ವಿಳಾಸ, ಫೋನ್ ನಂಬರ್ ಮಗನದ್ದೇ ಕೊಡಿ, ಸೆಂಟರಿನವರದ್ದು ಬೇಡ. ಒಟಿಪಿ ಅವರ ಫೋನಿಗೆ ಹೋಗುವ ಹಾಗೆ ಮಾಡಿಕೊಂಡು ಆಮೇಲೆ ಒದ್ದಾಡಿದವರನ್ನು ನಾನು ನೋಡಿದ್ದೇನೆ. ಪಾಸ್‌ಪೋರ್ಟನ್ನು ಯಾರ ಹತ್ತಿರವೂ ಸುಮ್ನೆ ಬಿಟ್ಟು ಬರಬೇಡಿ.

ಆಫರ್ ಲೆಟರ್ ಬಂದ ದಿನ ಮಗನನ್ನು ಕರೆದುಕೊಂಡು ನಮ್ಮ ಕಚೇರಿಗೆ ಬನ್ನಿ. ಮಲಯಾಳಂ ಓದುವವರು ಇಲ್ಲಿದ್ದಾರೆ. ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತೇವೆ, ಅವನು ಪಕ್ಕದಲ್ಲಿ ಪೆನ್ನು ಹಿಡಿದು ಬರೆದುಕೊಳ್ಳಲಿ. ಸಹಿ ಮಾರನೇ ದಿನ ಹಾಕಿದರಾಯಿತು.

— ಸಂಪಾದಕ