ರಾಯಚೂರಿನಲ್ಲಿ ಕೂತು ಸೆಂಟನ್ನು ಮೂಸದೇ ತರಿಸಬಹುದಾ?

ನೀವು ಕೇಳಿದ್ದು ಇಷ್ಟು: ಮೇ ತಿಂಗಳಲ್ಲಿ ಅಣ್ಣನ ಮದುವೆ ಇದೆ. ವಿಡಿಯೊಗಳಲ್ಲಿ ಎಲ್ಲರೂ ಹೊಗಳುವ 5 ಸಾವಿರದ ಪರ್ಫ್ಯೂಮ್ ಕಣ್ಣಿಗೆ ಬಿದ್ದಿದೆ, ಆದರೆ ರಾಯಚೂರಿನಲ್ಲಿ ಅದನ್ನು ಮೂಸಿ ನೋಡಲು ಅಂಗಡಿ ಸಿಕ್ಕಿಲ್ಲ. ಹಾಗೇ ಆನ್‌ಲೈನ್‌ನಲ್ಲಿ ತರಿಸಲೇ?

ದೊಡ್ಡ ಬಾಟಲಿ ಬೇಡ. ಅದೇ ಸೆಂಟನ್ನು 5 ಎಂ.ಎಲ್. ಸಣ್ಣ ಶೀಶೆಗೆ ಸುರಿದು ಮಾರುವವರಿದ್ದಾರೆ. ಇದಕ್ಕೆ ಡಿಕ್ಯಾಂಟ್ ಅನ್ನುತ್ತಾರೆ. ಅದನ್ನು ತರಿಸಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ನನ್ನ ಮರ್ಯಾದೆ ಹೋದ ಕಥೆಯೂ ಇದೆ.

ನಾನೂ ಇದೇ ಊರಿನವನು. ಗಂಜ್‌ನಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತೇನೆ. ದಿನವಿಡೀ ಹತ್ತಿ ಧೂಳು ಕುಡಿಯುವ ಮೂಗಿಗೆ ಸೆಂಟಿನ ಹುಚ್ಚು ಹೇಗೆ ಹಿಡಿಯಿತೋ ಗೊತ್ತಿಲ್ಲ. ಮೂರು ವರ್ಷದ ಹಿಂದೆ ಮೊದಲ ದುಬಾರಿ ಬಾಟಲಿ ತರಿಸಿದೆ. ವೆನಿಲ್ಲಾ, ತಂಬಾಕು, ಜೇನು. ಹೊಗಳಿದವರೆಲ್ಲ ‘ಚಳಿಗಾಲಕ್ಕೆ ಇದರಂಥದ್ದು ಇಲ್ಲ’ ಅಂದಿದ್ದರು. ನನ್ನ ಕಿವಿಗೆ ‘ಇದರಂಥದ್ದು ಇಲ್ಲ’ ಅನ್ನೋದು ಮಾತ್ರ ಬಿತ್ತು.

ಏಪ್ರಿಲ್‌ನಲ್ಲಿ ಸಿಂಧನೂರಿನಲ್ಲಿ ಅಕ್ಕನ ಮನೆಯ ಗೃಹಪ್ರವೇಶ. ಆರು ಸಲ ಹೊಡೆದುಕೊಂಡು ಬಸ್ ಹತ್ತಿದೆ. ಮಾನ್ವಿ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು, “ಯಪ್ಪಾ, ಎಲ್ಯಾರ ಬೆಲ್ಲ ಸೀದಂಗ ಆಗೈತಲ್ಲ” ಅಂದರು. ನಾನು ಕಿಟಕಿ ಕಡೆ ಮುಖ ತಿರುಗಿಸಿ ಸುಮ್ನೆ ಕೂತೆ. ಸಿಂಧನೂರು ಮುಟ್ಟುವ ಹೊತ್ತಿಗೆ ನನಗೇ ತಲೆನೋವು. ವಾಪಸ್ ಕಳಿಸೋಣ ಅಂದರೆ, ಸೀಲ್ ಒಡೆದ ಸೆಂಟು ವಾಪಸ್ ತಗೊಳ್ಳುವುದಿಲ್ಲ ಅಂದುಬಿಟ್ಟರು. ಬಾಟಲಿ ಈಗ ನನ್ನ ಭಾಮೈದನ ಹತ್ತಿರ ಇದೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಬೈಕ್ ಹತ್ತುವಾಗ ಅವನು ಅದನ್ನೇ ಹಾಕಿಕೊಳ್ಳುತ್ತಾನೆ. ಸುಳ್ಳು ಯಾಕೆ ಹೇಳಲಿ, ಆಗ ಚೆನ್ನಾಗೇ ಇರುತ್ತದೆ.

ಸೆಂಟು ಅದೇ, ಮೈ ಬೇರೆ, ಬಿಸಿಲು ಬೇರೆ. ಪರ್ಫ್ಯೂಮ್ ಅಂದರೆ ಹೆಚ್ಚಿನ ಪಾಲು ಆಲ್ಕೋಹಾಲ್, ಅದರಲ್ಲಿ ಕರಗಿಸಿದ ಸುಗಂಧದ ಎಣ್ಣೆ. ಚರ್ಮದ ಬಿಸಿಗೆ ಅದು ಆವಿಯಾಗುತ್ತಾ ಹೋಗುತ್ತದೆ. ನಿಂಬೆ, ಕಿತ್ತಳೆ ಸಿಪ್ಪೆಯಂಥ ಹಗುರ ವಾಸನೆ ಮೊದಲ ಕಾಲು ಗಂಟೆಯಲ್ಲೇ ಹಾರಿಹೋಗುತ್ತದೆ. ಹೂವು, ಮಸಾಲೆ ಒಂದಷ್ಟು ಗಂಟೆ ನಿಲ್ಲುತ್ತವೆ. ಗಂಧ, ಕಸ್ತೂರಿ, ವೆನಿಲ್ಲಾ ತಳದಲ್ಲಿ ಉಳಿಯುತ್ತವೆ. ತಣ್ಣನೆಯ ದೇಶದಲ್ಲಿ ಇದೆಲ್ಲ ನಿಧಾನವಾಗಿ ನಡೆಯುತ್ತದೆ. ನಮ್ಮಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಹಗುರವಾದದ್ದೆಲ್ಲ ಮನೆ ಬಾಗಿಲು ದಾಟುವ ಮೊದಲೇ ಖಾಲಿ. ಸಿಹಿಯಾದದ್ದು ಒಮ್ಮೆಲೇ ಎದ್ದು ಪಕ್ಕದವರ ಮೂಗಿಗೆ ಹೊಡೆಯುತ್ತದೆ. ‘ಎಂಟು ತಾಸು ಇರುತ್ತೆ’ ಅಂತ ಎಸಿ ರೂಮಿನಲ್ಲಿ ಕೂತು ಹೇಳುವವರ ಮಾತನ್ನು ನಾನು ಈಗ ಅರ್ಧಕ್ಕೆ ಇಳಿಸಿಯೇ ಕೇಳುತ್ತೇನೆ.

ಆಮೇಲೆ ಆ ಪಟ್ಟಿ. ಬಾಟಲಿಯಲ್ಲಿ ಯಾವ ಯಾವ ವಾಸನೆ ಇದೆ ಅಂತ ಕೊಡುವ ಇಂಗ್ಲಿಷ್ ಹೆಸರುಗಳು. ಇವನ್ನು ನಮ್ಮ ಮನೆಯ ಮಾತಿಗೆ ತಂದುಕೊಂಡರೆ ಅರ್ಧ ಮೂಸಿದ ಹಾಗೆಯೇ. ವೆಟಿವರ್ ಅಂದರೆ ಲಾವಂಚ, ಬೇಸಿಗೆಯಲ್ಲಿ ನೀರಿನ ಗಡಿಗೆಗೆ ಹಾಕುವ ಬೇರು. ಟ್ಯೂಬ್‌ರೋಸ್ ಅಂದರೆ ಸುಗಂಧರಾಜ, ಮದುವೆ ಹಾರದ್ದು. ಬೆಂಜೊಯಿನ್ ಅಂದರೆ ಸಾಂಬ್ರಾಣಿ. ಸೀಡರ್ ಅಂದರೆ ಪೆನ್ಸಿಲ್ ಹೆರೆದಾಗ ಬರುವ ವಾಸನೆ. ಹೊರದೇಶದವರು ‘ನಿಗೂಢ, ದೂರದೇಶದ ಘಮ’ ಅಂತ ಗಂಧ, ಧೂಪ ಇರುವ ಸೆಂಟನ್ನು ಮೆಚ್ಚಿಕೊಂಡು ಬರೆಯುತ್ತಾರೆ. ಅದನ್ನೇ ನಾನು ಹಾಕಿಕೊಂಡು ಒಳಗೆ ಬಂದರೆ ನಮ್ಮ ಅವ್ವ, “ಇಷ್ಟೊತ್ತಿನಾಗ ಊದಿನಕಡ್ಡಿ ಯಾಕ ಹಚ್ಚಿದಿ?” ಅಂತ ಕೇಳುತ್ತಾಳೆ. ನಿಂಬೆ ಜಾಸ್ತಿ ಇರುವುದನ್ನು ಹಾಕಿದರೆ, “ಪಾತ್ರಿ ತೊಳದಿಯೇನು?” ನಿಮ್ಮ ಮನೆಯವರ ಮೂಗೂ ಹೀಗೇ ಅಲ್ವಾ?

ಮಲ್ಲಿಗೆ ವಿಷಯದಲ್ಲಿ ಮಾತ್ರ ಜೋಪಾನ. ಹಡಗಲಿ ಮಲ್ಲಿಗೆಯ ದಂಡೆ ಮುಡಿದವರ ಪಕ್ಕ ಕೂತು ಬೆಳೆದವರು ನಾವು. ಪಟ್ಟಿಯಲ್ಲಿ ಜಾಸ್ಮಿನ್ ಅಂತ ಕಂಡ ತಕ್ಷಣ ಅದೇ ಬರುತ್ತೆ ಅಂದುಕೊಳ್ಳುತ್ತೇವೆ. ನಿಜವಾದ ಮಲ್ಲಿಗೆಯಲ್ಲಿ ಇಂಡೋಲ್ ಅನ್ನುವ ಅಂಶವಿದೆ. ರಾತ್ರಿ ಕಳೆದು ಬಾಡಿದ ಹೂವಿನಲ್ಲಿ ಸ್ವಲ್ಪ ಕಟುವಾಗಿ ಮೂಗಿಗೆ ತಾಗುತ್ತದಲ್ಲ, ಆ ಥರದ ವಾಸನೆ ಅದರದ್ದು. ಎಷ್ಟೋ ಪರ್ಫ್ಯೂಮ್‌ಗಳಲ್ಲಿ ಅದನ್ನು ತೆಗೆದು, ತೊಳೆದಂತೆ ತಿಳಿಯಾದ ಹೂವಿನ ವಾಸನೆ ಇಡುತ್ತಾರೆ. ಅಂಥ ವಾಸನೆ ಕೊಡುವ ಹೆಡಿಯೋನ್ ಎಂಬ ರಾಸಾಯನಿಕವಿದೆ. 1966ರಲ್ಲಿ ಬಂದ ಡಿಯೋರ್ ಕಂಪನಿಯ ಓ ಸೊವಾಜ್ ಅದರಿಂದಲೇ ಹೆಸರು ಮಾಡಿತು. ಚೆನ್ನಾಗಿರುವುದಿಲ್ಲ ಅಂತಲ್ಲ. ದಂಡೆಯ ಘಮ ಹುಡುಕಿದರೆ ಸಿಗುವುದಿಲ್ಲ, ಅಷ್ಟೇ. ಪಟ್ಟಿ ಅನ್ನೋದು ಅಡುಗೆಯ ಸಾಮಾನಿನ ಚೀಟಿ ಅಲ್ಲ. ‘ಸೇಬು’ ಅಂತ ಬರೆದ ಮಾತ್ರಕ್ಕೆ ಬಾಟಲಿಯೊಳಗೆ ಸೇಬು ಇರುವುದಿಲ್ಲ.

ನೀವು ಮೂಸಲು ಅಂಗಡಿಯೇ ಇಲ್ಲ ಅಂದಿರಲ್ಲ, ಅದನ್ನು ಪೂರ್ತಿ ಒಪ್ಪಲಾರೆ. ತೀನ್ ಕಂದೀಲ್ ಕಡೆಯ ಹಳೆ ಪೇಟೆಯಲ್ಲಿ ಅತ್ತರ್ ಕೇಳಿ ನೋಡಿ, ರಂಜಾನ್ ಹತ್ತಿರ ಬಂದಾಗ ಇನ್ನೂ ಸುಲಭ. ಅತ್ತರ್ ಮಾರುವ ಒಬ್ಬ ಹಿರಿಯರು ನನ್ನ ಅಂಗೈ ತಿರುವಿ, ಹಿಂಬದಿಗೆ ಖಸ್ ಹಚ್ಚಿದರು. ಖಸ್ ಅಂದರೆ ಮತ್ತೆ ನಮ್ಮ ಲಾವಂಚವೇ. ನಾನು ಮೂಸಿ ಬಾಯಿ ತೆರೆಯುವಷ್ಟರಲ್ಲಿ, “ಈಗ ಹೇಳಬ್ಯಾಡ್ರಿ. ಮಗ್ರಿಬ್ ಆದ ಮ್ಯಾಲ ಬಂದು ಹೇಳ್ರಿ” ಅಂದರು. ಮಧ್ಯಾಹ್ನ ಹಸಿ ಮಣ್ಣಿನ ಹಾಗಿದ್ದದ್ದು ಸಂಜೆಗೆ ತಣ್ಣಗೆ, ಮೆತ್ತಗೆ ಆಗಿತ್ತು. ಮೂರು ಎಂ.ಎಲ್. ತಂದೆ. ಅತ್ತರ್‌ನಲ್ಲಿ ಆಲ್ಕೋಹಾಲ್ ಇರುವುದಿಲ್ಲ, ಎಣ್ಣೆ ಮಾತ್ರ. ದೂರದವರಿಗೆ ಹೊಡೆಯುವುದಿಲ್ಲ, ಹತ್ತಿರ ಬಂದವರಿಗೆ ಗೊತ್ತಾಗುತ್ತದೆ. ಮೇ ತಿಂಗಳ ಮದುವೆಗೆ ನನ್ನನ್ನು ಕೇಳಿದರೆ, ನಿಮ್ಮ 5 ಸಾವಿರದ ಬಾಟಲಿಗಿಂತ ಇದೇ ಮೇಲು.

ಆದರೂ ಆ ಬಾಟಲಿಯದ್ದೇ ಬೇಕು ಅಂದರೆ ಲೆಕ್ಕ ಹೀಗಿದೆ. ಲೆಕ್ಕ ಬರೆಯುವವನಿಗೆ ಇದನ್ನು ಬಿಡಲು ಮನಸ್ಸು ಬರುವುದಿಲ್ಲ. ಒಂದು ಸಲ ಒತ್ತಿದರೆ ಹೆಚ್ಚು ಕಡಿಮೆ 0.1 ಎಂ.ಎಲ್. ಬರುತ್ತದೆ. 5 ಎಂ.ಎಲ್. ಅಂದರೆ ಸುಮಾರು 50 ಸಲ. ದಿನಕ್ಕೆ ನಾಲ್ಕರಂತೆ ಹನ್ನೆರಡು ದಿನ. ಅರಿಶಿನ, ಮದುವೆ, ಬೀಗರೂಟ ಎಲ್ಲ ಮುಗಿದು ಇನ್ನೂ ಉಳಿಯುತ್ತದೆ. 100 ಎಂ.ಎಲ್. ಬಾಟಲಿ ಅಂದರೆ ಸಾವಿರ ಸಲ. ಇಷ್ಟವಾಗದ ಸೆಂಟನ್ನು ಸಾವಿರ ಸಲ ಹೊಡೆದುಕೊಳ್ಳುವುದು ಯಾರ ಕರ್ಮ?

ಶೀಶೆ ಬಂದ ಮೇಲೆ ಕಾಗದದ ಮೇಲೆ ಹೊಡೆದು ತೀರ್ಮಾನಿಸಬೇಡಿ. ಮಣಿಕಟ್ಟಿಗೆ ಹಚ್ಚಿ, ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ಹೋಗಿ. ಬೆವರಿ. ಸಂಜೆ ಮತ್ತೆ ಮೂಸಿ, ಮನೆಯವರಿಗೂ ಮೂಸಲು ಕೊಡಿ. ನಮ್ಮ ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಹೋಗುತ್ತದೆ, ಹೋಯಿತು ಅಂದುಕೊಂಡು ಮತ್ತೆ ಹೊಡೆದುಕೊಳ್ಳುತ್ತೇವೆ. ಬಸ್ ಹತ್ತುವ ಮೊದಲು ನಾನು ಆರು ಸಲ ಹೊಡೆದುಕೊಂಡದ್ದೂ ಹಾಗೆಯೇ. ಮತ್ತೆ, ರೇಷ್ಮೆ ಶಲ್ಯದ ಮೇಲೆ ಹೊಡೆಯಬೇಡಿ, ಕಲೆ ಉಳಿಯಬಹುದು.

ಡಿಕ್ಯಾಂಟ್ ಮಾರುವವರಲ್ಲೂ ಎಲ್ಲ ಥರದವರಿದ್ದಾರೆ. ಅಸಲಿ ಬಾಟಲಿಯ ಫೋಟೊ ಕೇಳಿ, ಡಬ್ಬಿಯ ಮೇಲಿನ ಬ್ಯಾಚ್ ನಂಬರ್ ಬಾಟಲಿಯ ತಳದ್ದಕ್ಕೆ ಹೊಂದುತ್ತದಾ ನೋಡಿ. ಎಂ.ಎಲ್. ಲೆಕ್ಕದಲ್ಲಿ ಅಸಲಿ ಬೆಲೆಯ ಮೂರನೇ ಒಂದು ಭಾಗಕ್ಕೇ ಸಿಕ್ಕರೆ ಆ ಕಡೆ ತಿರುಗಿಯೂ ನೋಡಬೇಡಿ. ಸೆಂಟು ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಪಾರ್ಸೆಲ್ ಹೆಚ್ಚಾಗಿ ರಸ್ತೆಯ ಮೇಲೇ ಬರುತ್ತದೆ, ತಡವಾಗುತ್ತದೆ. ಮದುವೆಗೆ ಮೂರು ವಾರ ಮುಂಚೆಯೇ ಆರ್ಡರ್ ಮಾಡಿ. ಬಂದದ್ದನ್ನು ಕಿಟಕಿಯಲ್ಲೋ ಬೈಕಿನ ಡಿಕ್ಕಿಯಲ್ಲೋ ಇಡಬೇಡಿ, ಅಲ್ಮೇರಾದೊಳಗೆ ಬಟ್ಟೆಯ ಹಿಂದೆ ಇರಲಿ.

ಅಂದಹಾಗೆ ಯಾವ ಸೆಂಟು ಅಂತ ನೀವು ಹೇಳಲೇ ಇಲ್ಲ. ಪಟ್ಟಿಯಲ್ಲಿ ವೆನಿಲ್ಲಾ, ತಂಬಾಕು, ಜೇನು ಮೂರೂ ಇದ್ದರೆ ಉತ್ತರ ಬರೆಯಿರಿ. ಭಾಮೈದನ ಬಾಟಲಿಯಲ್ಲಿ ಇನ್ನೂ ಅರ್ಧ ಇದೆ, ಗಂಜ್ ಕಡೆ ಬಂದರೆ ಪುಕ್ಕಟೆ ಮೂಸಬಹುದು.