ಮರಿಗೆ ಇಡುವ ಮೊಟ್ಟೆಗೆ ಹಿಕ್ಕೆ ಮೆತ್ತಿದ್ದರೆ ತೊಳೆಯಬಹುದಾ?

30 ನಾಟಿ ಮೊಟ್ಟೆ ಕೂಡಿಟ್ಟಿದ್ದೀರಿ, ಎಂಟು-ಹತ್ತಕ್ಕೆ ಹಿಕ್ಕೆ ಮೆತ್ತಿದೆ, ಇನ್ಕ್ಯುಬೇಟರ್‌ಗೆ ಇಡುವ ಮೊದಲು ತೊಳೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ತೊಳೆಯಬೇಡಿ. ನಾನು ಮೊದಲ ಸಲ ಮಾಡಿದ್ದು ಅದನ್ನೇ. ನಲ್ಲಿ ಕೆಳಗೆ ಒಂದೊಂದನ್ನೂ ಹಿಡಿದು ಉಜ್ಜಿ ಇಟ್ಟೆ. 14ನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ತಡೆಯಲಾರದ ನಾತ. ಒಂದು ಮೊಟ್ಟೆ ಸಿಡಿದು, ಕೊಳೆತ ರಸ ಪಕ್ಕದವುಗಳ ಮೇಲೆಲ್ಲ ಹರಿದಿತ್ತು. ಆ ಸಲ ಎದ್ದದ್ದು ನಾಲ್ಕೇ ಮರಿ. ಚಿಪ್ಪಿನೊಳಗೇ ಸತ್ತವನ್ನು ಮಣ್ಣು ಮಾಡುವಾಗ ಆದ ಸಂಕಟ ಈಗಲೂ ನೆನಪಿದೆ.

ಹೇಂಟೆ ಮೊಟ್ಟೆ ಇಡುವುದನ್ನು ಹತ್ತಿರ ಕೂತು ನೋಡಿದ್ದೀರಾ? ಬಿದ್ದ ಗಳಿಗೆಯಲ್ಲಿ ಒದ್ದೆಯಾಗಿ ಮಿರಮಿರ ಮಿಂಚುತ್ತೆ, ನೋಡನೋಡುತ್ತಲೇ ಹೊಳಪು ಆರಿ ಮಂಕಾಗುತ್ತೆ. ಹಾಗೆ ಆರಿದ ತೆಳು ಪದರವೇ ಮೊಟ್ಟೆಯ ಕಾವಲು. ಚಿಪ್ಪಿನ ತುಂಬ ಸಾವಿರಾರು ಸಣ್ಣ ತೂತುಗಳಿವೆ, ಮರಿಗೆ ಗಾಳಿ ಸಿಗುವುದು ಅವುಗಳಿಂದ. ತೊಳೆದು ಉಜ್ಜಿದರೆ ಆ ಪದರ ಹೋಗುತ್ತೆ. ತಣ್ಣೀರಾದರಂತೂ ಒಳಗಿನದು ಕುಗ್ಗಿ, ಹಿಕ್ಕೆ ಕದಡಿದ ನೀರನ್ನು ತೂತುಗಳಿಂದ ಒಳಕ್ಕೆಳೆದುಕೊಳ್ಳುತ್ತೆ. ಆಮೇಲೆ 37.5 ಡಿಗ್ರಿ ಬಿಸಿಯಲ್ಲಿ 21 ದಿನ! ಮರಿಯ ಜೊತೆ ಬ್ಯಾಕ್ಟೀರಿಯಾವನ್ನೂ ಸಾಕಿದ ಹಾಗೆ. ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ, ಒಂದರ ಕೊಳೆ ಹತ್ತಕ್ಕೆ ಸವರಿದಂತಾಗುತ್ತೆ.

ಸ್ವಚ್ಛವಾಗಿರುವ 20 ಮೊಟ್ಟೆ ಹಾಗೇ ಇಡಿ. ಚುಕ್ಕೆಯಷ್ಟು ಮೆತ್ತಿದ್ದರೆ ಪೂರ್ತಿ ಒಣಗಲಿ, ಉಗುರಿನಿಂದಲೋ ಪಾತ್ರೆ ತಿಕ್ಕುವ ಹೊಸ ಒಣ ಸ್ಕ್ರಬ್ಬರಿನಿಂದಲೋ ಆ ಜಾಗವನ್ನಷ್ಟೇ ಹಗುರವಾಗಿ ಕೆರೆದು ತೆಗೆಯಿರಿ. ಅರ್ಧ ಬಳಿದುಕೊಂಡಿರುವುದನ್ನು ಮರಿಗೆ ಇಡಬೇಡಿ. ಅಡುಗೆಗೆ ತಗೊಳ್ಳಿ, ಒಡೆಯುವ ಮುಂಚೆ ತೊಳೆದು ಚೆನ್ನಾಗಿ ಬೇಯಿಸಿ. ಸೀಳು ಬಿಟ್ಟದ್ದನ್ನು ಎರಡಕ್ಕೂ ಬಳಸಬೇಡಿ.

ಅಪರೂಪದ ತಳಿ, ಬಿಡಲು ಮನಸ್ಸಿಲ್ಲ ಅಂದರೆ ಮಾತ್ರ ತೊಳೆಯಿರಿ. ನೀರು ಮೊಟ್ಟೆಗಿಂತ ಬಿಸಿ ಇರಬೇಕು, ಥರ್ಮಾಮೀಟರ್ ಇಟ್ಟು ನೋಡಿ, 40ರಿಂದ 43 ಡಿಗ್ರಿ. ಪಾತ್ರೆಯಲ್ಲಿ ನೆನೆಹಾಕದೆ ಚೊಂಬಿನಿಂದ ಸುರಿದು, ಒಂದು ನಿಮಿಷದೊಳಗೆ ಮುಗಿಸಿ, ಗಾಳಿಗೆ ಆರಲು ಬಿಡಿ. ಇವನ್ನು ಬೇರೆಯಾಗಿ, ಎರಡು ಟ್ರೇ ಇದ್ದರೆ ಕೆಳಗಿನದರಲ್ಲಿ ಇಡಿ, ಸಿಡಿದರೂ ಉಳಿದವುಗಳ ಮೇಲೆ ಸೋರದಿರಲಿ. 7ನೇ ದಿನ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ಒಳಗೆ ಮರಿ ಬೆಳೆಯುತ್ತಿದೆಯಾ ನೋಡಿ. ನಾತ ಬಂದದ್ದನ್ನು, ಚಿಪ್ಪು ಜಿನುಗಿದ್ದನ್ನು ಅಲುಗಾಡಿಸದೆ ಮೆಲ್ಲಗೆ ಹೊರಗೆ ತೆಗೆಯಿರಿ. ಮರಿ ಮಾಡಿಸುವ ಹ್ಯಾಚರಿಗಳಲ್ಲಿ ಕ್ರಿಮಿ ಕೊಲ್ಲಲು ಫಾರ್ಮಲಿನ್ ಅನ್ನುವ ರಾಸಾಯನಿಕದ ಹೊಗೆ ಕೊಡುತ್ತಾರೆ ಅಂತ ಯಾರಾದರೂ ಹೇಳಿದರೆ ಮನೆಯಲ್ಲಿ ಮಾಡಲು ಹೋಗಬೇಡಿ, ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯ.

ನಿಜವಾಗಿ ಸರಿಮಾಡಬೇಕಾದ್ದು ಗೂಡು. ಹಿಕ್ಕೆ ಎಲ್ಲಿಂದ ಬಂತು? ನನ್ನ ಕೋಳಿಗಳು ರಾತ್ರಿ ಮೊಟ್ಟೆ ಇಡುವ ಬುಟ್ಟಿಯಲ್ಲೇ ಮಲಗುತ್ತಿದ್ದವು. ಕೋಳಿ ಎತ್ತರದ ಜಾಗ ಹುಡುಕಿ ಮಲಗುವ ಹಕ್ಕಿ. ಬುಟ್ಟಿಗಳನ್ನು ಕೆಳಗಿಳಿಸಿ, ಅದಕ್ಕಿಂತ ಮೇಲೆ ಅಡ್ಡ ಬಿದಿರು ಕಟ್ಟಿದೆ, ಮಲಗುವುದು ಅಲ್ಲಿಗೆ ಹೋಯಿತು. ಬುಟ್ಟಿಗೆ ಒಣ ಭತ್ತದ ಹೊಟ್ಟು ಹಾಕಿ, ಒದ್ದೆಯಾದ ಕೂಡಲೇ ಬದಲಾಯಿಸುತ್ತೇನೆ. ಹೆಚ್ಚಿನವು ಬೆಳಗಿನ ಹೊತ್ತೇ ಇಡುತ್ತವೆ, ಹಾಗಾಗಿ ಬೆಳಿಗ್ಗೆ 10 ಗಂಟೆಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಎತ್ತಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಕಾಲಿನ ಕೆಸರು ಒಳಗೆ ಬಾರದಂತೆ ಬಾಗಿಲಲ್ಲಿ ಮರಳು ಹರಡಿ.

ಇನ್ನೊಂದು, ಆ 30 ಮೊಟ್ಟೆ ಎಷ್ಟು ದಿನದ್ದು ಅಂತ ನೀವು ಬರೆದಿಲ್ಲ. ಏಳು ದಿನದೊಳಗಿನದನ್ನೇ ಆರಿಸಿ. ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಹೊರಗೆ ತೆಗೆದಾಗ ಬೆವರುತ್ತೆ, ಆ ಬೆವರನ್ನು ಒರೆಸಬೇಡಿ, ತಾನಾಗಿ ಆರಿದ ಮೇಲೆ ಇಡಿ.