‘ಅಲ್ಲಿ ನನ್ನ ಮಾತಿಗೆ ಬೆಲಿ ಐತ್ರಿ’

ಆನ್‌ಲೈನ್ ಉಗ್ರವಾದಿ ಗುಂಪಿನ ಸೆಳೆತಕ್ಕೆ ಸಿಕ್ಕ ಹುಡುಗನೊಬ್ಬನ ಆಪ್ತಸಮಾಲೋಚನೆಯ ಟಿಪ್ಪಣಿ ಇದು. 23ರ ಯುವಕ, ಬಾಗಲಕೋಟೆ ಜಿಲ್ಲೆ. ಗುರುತು ಸಿಗದಂತೆ ವಿವರ ಬದಲಿಸಿದೆ. ಗುಂಪು ಎಡವೋ ಬಲವೋ ಎಂಬುದನ್ನು ಬೇಕೆಂದೇ ಬಿಟ್ಟಿದೆ. ಅದು ತಿಳಿದ ಕೂಡಲೇ ಓದುವವರು ಪಕ್ಷ ಹಿಡಿಯುತ್ತಾರೆ, ಹುಡುಗ ಮರೆಯಾಗುತ್ತಾನೆ.

ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡ ಮನೆತನ. ಹೆಚ್ಚಿನ ಪರಿಹಾರದ ದಾವೆ ಇನ್ನೂ ನಡೆದಿದೆ. ಹುಡುಗ ಪೊಲೀಸ್ ನೇಮಕಾತಿಯಲ್ಲಿ ಎರಡು ಸಲ ಸೋತ. ಆಮೇಲೆ ರಾತ್ರಿ ಎರಡರವರೆಗೆ ಟೆಲಿಗ್ರಾಂ ಗುಂಪು. ಹಳೆಯ ಗೆಳೆಯರೆಲ್ಲ ‘ದ್ರೋಹಿಗಳು’. ಅಪ್ಪ ಮೊಬೈಲ್ ಒಡೆದರು. ವಾರದೊಳಗೆ ಗುಂಪಿನವರೇ ಇನ್ನೊಂದು ಕೊಡಿಸಿದರು. ‘ಮನೆಯವರು ನಿನ್ನನ್ನು ತುಳಿಯುತ್ತಾರೆ’ ಎಂಬ ಅವರ ಮಾತನ್ನು ಅಪ್ಪನೇ ಖರೆ ಮಾಡಿದಂತಾಯಿತು. ತಡೆದಷ್ಟೂ ಅದೇ ಬೇಕೆನಿಸುವ ಈ ಮನೋಪ್ರತಿರೋಧವನ್ನು ಮನೋವಿಜ್ಞಾನಿ ಜ್ಯಾಕ್ ಬ್ರೆಮ್ 1966ರಲ್ಲೇ ವಿವರಿಸಿದ್ದರು.

ಮೊದಲ ಭೇಟಿಯಲ್ಲಿ ಅಪಾಯದ ವಿಚಾರಣೆ: ಆಯುಧ ಉಂಟೇ, ಗುರಿಯಾಗಿ ಯಾರ ಹೆಸರಾದರೂ ಇದೆಯೇ, ದಿನ-ಜಾಗ ಗೊತ್ತುಮಾಡಿದೆಯೇ, ಸಾಯುವ ಮಾತು ಬಂದಿದೆಯೇ. ಇವುಗಳಲ್ಲಿ ಜೀವಕ್ಕೆ ಅಪಾಯ ಕಂಡರೆ ಗೌಪ್ಯತೆ ಮುರಿಯಬೇಕಾಗುತ್ತದೆ ಎಂದು ಮುಂಚೆಯೇ ಹೇಳಲಾಯಿತು. ಯಾವುದೂ ಇರಲಿಲ್ಲ.

‘ಗುಂಪಿನ್ಯಾಗ ನಿನಗ ಏನು ಸಿಗತೈತಿ?’

‘ಅಲ್ಲಿ ನನ್ನ ಮಾತಿಗೆ ಬೆಲಿ ಐತ್ರಿ. ಮನ್ಯಾಗ ಉಂಡಿ ಇಲ್ಲೋ ಅಂತ ಅಷ್ಟ ಕೇಳತಾರ.’

ಜನ ಉಗ್ರವಾದದತ್ತ ಏಕೆ ವಾಲುತ್ತಾರೆ ಎಂಬುದಕ್ಕೆ ಮನೋವಿಜ್ಞಾನಿ ಅರೀ ಕ್ರುಗ್ಲಾನ್‌ಸ್ಕಿ ಹೇಳುವ ಮೂರು ಎಳೆಗಳು ಇಲ್ಲಿವೆ: ಬೆಲೆ ಬೇಕೆಂಬ ಹಂಬಲ, ದಾರಿ ತೋರುವ ಕಥನ, ಬೆನ್ನು ತಟ್ಟುವ ಬಳಗ. ಮನೆಯವರು ಕಥನದ ಮೇಲೆಯೇ ಜಗಳ ತೆಗೆಯುತ್ತಾರೆ, ಅದೇ ತಪ್ಪು. ಹಂಬಲ ಮತ್ತು ಬಳಗದಿಂದ ಶುರುಮಾಡಬೇಕು.

ಅಪ್ಪನಿಗೆ ಹೇಳಿದ್ದು: ದಾವೆಯ ಕಡತ ಮಗನ ಕೈಗೆ ಕೊಡಿ, ವಕೀಲರ ಬಳಿ ಅವನೇ ಹೋಗಲಿ. ಹೊಲ ಹೋದ ನೋವು ಸುಳ್ಳಲ್ಲ, ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಿ. ಉತ್ತರವಾಗಿ ವಿಡಿಯೋ ಕಳಿಸಬೇಡಿ. ಸೋದರಮಾವನಿಗೆ: ವಾರಕ್ಕೊಮ್ಮೆ ಬನ್ನಿ, ರಾಜಕೀಯ ಬಿಟ್ಟು ಮಾತಾಡಿ.

ಮೂರನೇ ಭೇಟಿಯಲ್ಲಿ ಕೇಳಿದ್ದು: ‘ಅವರ ಮಾತು ಹತ್ತಕ್ಕ ಎಷ್ಟು ನಂಬತಿ?’ ‘ಏಳು.’ ‘ಹತ್ತು ಯಾಕಲ್ಲ?’ ತುಸು ತಡೆದು, ‘ಹೆಣ್ಮಕ್ಕಳ ಬಗ್ಗೆ ಬರಿಯೂದು ಸರಿ ಅನಸಂಗಿಲ್ರಿ’ ಎಂದ. ಇಂಥ ಅನುಮಾನ ಅವನ ಬಾಯಿಂದಲೇ ಬರಬೇಕು. ಬಂದಾಗ ಅದರ ಮೇಲೆ ಎರಗಬಾರದು. ಮಾವ ಎರಗಿದರು: ‘ಈಗರೆ ತಿಳೀತಿಲ್ಲೋ?’ ಎರಡು ಭೇಟಿ ತಪ್ಪಿದವು. ಮಾವ ತಾವೇ ಹೋಗಿ ‘ತಪ್ಪಾತಪಾ’ ಅಂದ ಮೇಲೆ ಹುಡುಗ ಮತ್ತೆ ಬಂದ.

ಗುಂಪನ್ನು ಸಾರಿ ಹೇಳಿ ಬಿಡಬೇಡ, ಬೆದರಿಕೆ ಬರಬಹುದು. ಮೊದಲು ಸದ್ದು ಆಫ್ ಮಾಡು, ರಾತ್ರಿ ಹನ್ನೊಂದಕ್ಕೆ ಮೊಬೈಲ್ ಪಡಸಾಲಿಯಲ್ಲಿಡು ಎಂದು ಅವನಿಗೆ ಸಲಹೆ. ನಡುರಾತ್ರಿ ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416.

ಅವನಿನ್ನೂ ಗುಂಪಿನಲ್ಲಿದ್ದಾನೆ, ಬರೆಯುವುದು ನಿಂತಿದೆ. ಹಿಂದಿನ ವಾರ ಒಬ್ಬ ‘ದ್ರೋಹಿ’ಯ ಜೊತೆ ಚಹಾ ಕುಡಿದ.